ಊರು ಬಿಟ್ಟು ಬಂದವರಿಗೂ 14416

ಬೆಂಗಳೂರಲ್ಲಿ ದೊಡ್ಡ ಕಟ್ಟಡ ಏಳ್ತಿರೋ ಕಡೆ ಒಮ್ಮೆ ನೋಡಿ. ಒಡಿಶಾ, ಬಿಹಾರ, ನಮ್ಮದೇ ರಾಯಚೂರು, ಯಾದಗಿರಿ ಕಡೆಯವರು ತಗಡಿನ ಶೆಡ್‌ಗಳಲ್ಲಿ ಇರ್ತಾರೆ. ಮೈಕೈ ನೋವು ಅಂದ್ರೆ ಮೇಸ್ತ್ರಿ ಮಾತ್ರೆ ತರಿಸಿಕೊಡ್ತಾನೆ. ತಿಂಗಳಿಂದ ನಿದ್ದೆ ಇಲ್ಲ, ಸುಮ್ಸುಮ್ನೆ ಎದೆ ಢವಢವ ಅನ್ನುತ್ತೆ ಅಂದ್ರೆ? ಯಾರ ಹತ್ರ, ಯಾವ ಭಾಷೇಲಿ ಹೇಳೋದು?

ಮನಸ್ಸಿನ ಕಾಯಿಲೆ ನೋಡೋ ನಿಮ್ಹಾನ್ಸ್ ಆಸ್ಪತ್ರೆ ಇರೋದು ಇದೇ ಊರಲ್ಲಿ. ಆದ್ರೆ ಹೋದ್ರೆ ಆ ದಿನದ ಕೂಲಿ ಹೋಯ್ತು, ಜೊತೆಗೆ ಬಂದವನದ್ದೂ ಹೋಯ್ತು. ಉಚಿತ ಚಿಕಿತ್ಸೆಗೆ ತೋರಿಸೋಣ ಅಂದ್ರೆ ಬಿಪಿಎಲ್ ರೇಷನ್ ಕಾರ್ಡಂತೂ ಹಳ್ಳೀಲೇ ಇದೆ.

ಕಾರ್ಡಿನ ಚಿಂತೆ ಬಿಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ನೋಡಿ: ಬಡತನ ರೇಖೆಗಿಂತ ಕೆಳಗಿರೋರಿಗೆ, ಬಿಪಿಎಲ್ ಕಾರ್ಡ್ ಕೈಲಿರಲಿ ಬಿಡಲಿ, ಸರ್ಕಾರಿ ಆಸ್ಪತ್ರೇಲಿ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಉಚಿತ. ಕೌಂಟರಲ್ಲಿ ಕೂತವರಿಗೂ ಇದು ಗೊತ್ತಿರಬೇಕಷ್ಟೆ!

ಇನ್ನು ಭಾಷೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416. ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ಅನ್ನೋದಿಲ್ಲ, 20 ಭಾಷೆಗಳಲ್ಲಿ ಮಾತಾಡಬಹುದು. ಶೆಡ್ಡಲ್ಲಿ ಎಲ್ಲರ ಮುಂದೆ ಮನಸ್ಸು ಬಿಚ್ಚೋದು ಕಷ್ಟ; ಕೆಲಸ ಮುಗಿದ ಮೇಲೆ ಸ್ವಲ್ಪ ಆಚೆ ಹೋಗಿ ಫೋನ್ ಮಾಡಿ.

ಮೇಸ್ತ್ರಿಗಳೇ, ಈ ನಂಬರ್ ಯಾಕೆ ಅಂತ ಕನ್ನಡ, ಹಿಂದಿ, ಒಡಿಯಾದಲ್ಲಿ ಬರೆಸಿ, ಶೆಡ್ಡಿನ ಬಾಗಿಲಿಗೆ ಅಂಟಿಸಿ.