ಐದು ಸುಟ್ಟ ಬಲ್ಬುಗಳ ಪೋಸ್ಟ್‌ಮಾರ್ಟಂ

ದೇವದುರ್ಗದಿಂದ ರಾಯಚೂರಿಗೆ ರಾತ್ರಿ ಕಾರಿನಲ್ಲಿ ಓಡಾಡಿದವರಿಗೆ ಗೊತ್ತಿರುತ್ತದೆ. ಊರು ದಾಟಿದ ಮೇಲೆ ರಸ್ತೆಗೆ ಇರುವ ಬೆಳಕು ನಿಮ್ಮ ಹೆಡ್‌ಲೈಟಿನದು ಮಾತ್ರ. ಹತ್ತಿ ಸುಗ್ಗಿಯಲ್ಲಿ ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ್ ಟ್ರಾಲಿಗಳು, ಮಾನ್ವಿ ಕಡೆ ಹೋದರೆ ಭತ್ತದ ಲೋಡು, ಎಲ್ಲೆಡೆ ಕಪ್ಪು ರಸ್ತೆಯ ಮೇಲೆ ಕಪ್ಪು ಎಮ್ಮೆ. ಗಂಟೆಗೆ 60 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಸಾದಾ ಹ್ಯಾಲೊಜೆನ್ ದೀಪ ಡಿಮ್‌ನಲ್ಲಿ ರಸ್ತೆಯನ್ನು ಚೆನ್ನಾಗಿ ತೋರಿಸುವುದು 40–50 ಮೀಟರ್ ದೂರ. ಎಮ್ಮೆ ಕಂಡ ಮೇಲೆ ನಮಗೆ ಸಿಗುವುದು ಮೂರು ಸೆಕೆಂಡ್. ಎರಡರಲ್ಲಿ ಒಂದು ದೀಪ ಹೋಗಿದ್ದರಂತೂ ಎದುರಿನವನು ನಮ್ಮನ್ನು ಬೈಕ್ ಎಂದುಕೊಂಡು ಮೈಮೇಲೆಯೇ ಬರುತ್ತಾನೆ.

ನಮ್ಮ ಮನೆಯ ಹಳೇ ಕಾರು ಅಣ್ಣನ ಹೊಟ್ಟೆಪಾಡು. ಹಗಲೆಲ್ಲ ರಾಯಚೂರು, ಮಾನ್ವಿ ಎಂದು ಬಾಡಿಗೆ. ರಾತ್ರಿ ಫೋನ್ ಬಂತೆಂದರೆ ಅದು ಬಹುಪಾಲು ಆಸ್ಪತ್ರೆಗೆ ಹೋಗುವವರದು. ಹೆರಿಗೆ ನೋವು, ಹಾವು ಕಡಿತ, ಎದೆನೋವು. ರಾಯಚೂರಿನ ರಿಮ್ಸ್ ಮುಟ್ಟುವವರೆಗೆ ಹಿಂದಿನ ಸೀಟಿನಲ್ಲಿ ಯಾರದೋ ಜೀವ ಇರುತ್ತದೆ. ಅಂಥ ಕಾರಿನ ಹೆಡ್‌ಲೈಟ್ ಬಲ್ಬು ಒಂದೇ ವರ್ಷದಲ್ಲಿ ಐದು ಸಲ ಸುಟ್ಟಿತು.

ಪ್ರತಿ ಸಲವೂ ಒಬ್ಬೊಬ್ಬರದು ಒಂದೊಂದು ಮಾತು. ಡೂಪ್ಲಿಕೇಟ್ ಮಾಲು ಎಂದರು ಕೆಲವರು. ರಸ್ತೆ ಸರಿಯಿಲ್ಲ ಎಂದರು ಇನ್ನು ಕೆಲವರು. ರಾಯಚೂರು ಬಿಸಿಲಿಗೆ ಏನು ಉಳಿಯುತ್ತದೆ ಎಂದವರೂ ಇದ್ದಾರೆ. (ರಾತ್ರಿ ಉರಿಯುವ ದೀಪಕ್ಕೂ ಹಗಲಿನ ಬಿಸಿಲಿಗೂ ಏನು ಸಂಬಂಧವೋ! ನಮ್ಮ ಜಿಲ್ಲೆಯಲ್ಲಿ ಏನು ಕೆಟ್ಟರೂ ಅದನ್ನು ಬಿಸಿಲಿನ ತಲೆಗೆ ಕಟ್ಟುವುದು ರೂಢಿ.) ಕೊನೆಗೆ ಎಲ್ಲರ ಸಲಹೆ ಒಂದೇ ಆಗಿರುತ್ತಿತ್ತು: ‘ಎಲ್‌ಇಡಿ ಹಾಕಿಸಿಬಿಡು.’

ರಾಯಚೂರಿನ ತೀನ್ ಕಂದೀಲ್ ಕಡೆ ಒಬ್ಬ ಹಿರಿಯ ಆಟೊ ಎಲೆಕ್ಟ್ರಿಷಿಯನ್ ಇದ್ದಾರೆ, ಎಲ್ಲರಿಗೂ ಚಾಚಾ. ಮೂರು ಕಂದೀಲು ಎಂಬ ಹೆಸರಿನ ಜಾಗದಲ್ಲಿ ದೀಪ ರಿಪೇರಿಯವರು ಸಿಗದೆ ಇನ್ನೆಲ್ಲಿ ಸಿಗಬೇಕು? ಆರನೇ ಬಲ್ಬು ಕೊಳ್ಳುವ ಮೊದಲು ಒಮ್ಮೆ ತೋರಿಸೋಣ ಎಂದು ಅಣ್ಣನ ಜತೆ ನಾನೂ ಹೋದೆ.

‘ಹೊಸಾದು ಆಮ್ಯಾಲ ಹಾಕೋಣಂತ. ಮೊದ್ಲು ಸತ್ತಿದ್ದು ತೋರಸ್ರಿ’ ಎಂದರು ಚಾಚಾ.

ಅದೃಷ್ಟಕ್ಕೆ ಅಣ್ಣ ಐದೂ ಬಲ್ಬುಗಳನ್ನು ಡ್ಯಾಶ್‌ಬೋರ್ಡಿನಲ್ಲಿಯೇ ಇಟ್ಟಿದ್ದ, ಮುಂದೆ ಅಂಗಡಿಯವನ ಜತೆ ಜಗಳ ಆಡಲು. ಚಾಚಾ ಅವನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಸುಟ್ಟ ಬಲ್ಬು ತಾನು ಹೇಗೆ ಸತ್ತೆ ಎಂದು ತಾನೇ ಹೇಳುತ್ತದೆ ಎಂಬುದು ನನಗೆ ತಿಳಿದದ್ದು ಆವತ್ತೇ. ಗಾಜು ಒಳಗಿನಿಂದ ಕಪ್ಪಗೆ ಅಥವಾ ಬೆಳ್ಳಿ ಬಣ್ಣಕ್ಕೆ ತಿರುಗಿದ್ದರೆ ಒಳಗಿನ ಟಂಗ್‌ಸ್ಟನ್ ತಂತಿ ಆವಿಯಾಗಿ ಗಾಜಿಗೆ ಮೆತ್ತಿಕೊಂಡಿದೆ. ಒಂದೋ ಬಲ್ಬಿಗೆ ವಯಸ್ಸಾಗಿದೆ, ಇಲ್ಲವೇ ಅದಕ್ಕೆ ಹೋಗುವ ವೋಲ್ಟೇಜ್ ಹೆಚ್ಚಾಗಿದೆ. ಒಳಗೆ ಬಿಳಿ ಅಥವಾ ಹಳದಿ ಬೂದಿಯಂಥದ್ದು ಕಂಡರೆ ಗಾಜು ಎಲ್ಲೋ ಬಿರಿದು ಗಾಳಿ ಹೊಕ್ಕಿದೆ. ಗಾಜಿನ ಮೇಲೆ ಗುಳ್ಳೆ ಎದ್ದಿದ್ದರೆ ಹಾಕುವಾಗ ಯಾರದೋ ಬೆರಳು ತಾಗಿರಬೇಕು. ಗಾಜು ಸ್ವಚ್ಛವಾಗಿದ್ದು ತಂತಿ ಮಾತ್ರ ತುಂಡಾಗಿದ್ದರೆ ಕುಲುಕಾಟ ಕಾರಣ.

ನಮ್ಮ ಐದರಲ್ಲಿ ಮೂರು ಕಪ್ಪಗಿದ್ದವು. ಒಂದರ ಮೇಲೆ ಗುಳ್ಳೆ. ಇನ್ನೊಂದರಲ್ಲಿ ತಂತಿ ತುಂಡಾಗಿತ್ತು.

ಗುಳ್ಳೆಯ ವಿಷಯ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಮನೆಯಲ್ಲೇ ಬಲ್ಬು ಬದಲಿಸುವವರಿಗೆ ಇದು ಬೇಕು. ಹ್ಯಾಲೊಜೆನ್ ಬಲ್ಬಿನ ಗಾಜು ಉರಿಯುವಾಗ 250 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿಯಾಗುತ್ತದೆ. ಹಾಗೆ ಬಿಸಿ ಇದ್ದರೇ ಒಳಗಿನ ಹ್ಯಾಲೊಜೆನ್ ಅನಿಲವು ಆವಿಯಾದ ಟಂಗ್‌ಸ್ಟನ್ ಅನ್ನು ಮತ್ತೆ ತಂತಿಗೆ ಮರಳಿಸಬಲ್ಲದು. ನಮ್ಮ ಬೆರಳಿನ ಎಣ್ಣೆ ಜಿಡ್ಡು ಅಂಟಿದ ಕಡೆ ಶಾಖ ಹೆಚ್ಚಾಗಿ ಗಾಜು ಮೆತ್ತಗಾಗುತ್ತದೆ, ಉಬ್ಬುತ್ತದೆ, ಒಡೆಯುತ್ತದೆ. ಆದ್ದರಿಂದ ಬಲ್ಬನ್ನು ಲೋಹದ ಬುಡದಲ್ಲಷ್ಟೇ ಹಿಡಿಯಬೇಕು. ಕೈ ತಾಗಿತೇ? ಸ್ಪಿರಿಟ್‌ನಲ್ಲಿ ಅದ್ದಿದ ಸ್ವಚ್ಛ ಬಟ್ಟೆಯಿಂದ ಒರೆಸಿ, ಒಣಗಿಸಿ ಹಾಕಿದರೆ ಸಾಕು.

ಕಪ್ಪು ಬಲ್ಬುಗಳ ಕತೆ ಬೇರೆ. ಚಾಚಾ ಎಂಜಿನ್ ಶುರು ಮಾಡಿಸಿ ಬ್ಯಾಟರಿಗೆ ಮೀಟರ್ ಹಿಡಿದರು. ಕಾರಿನದು 12 ವೋಲ್ಟ್ ಎಂದು ನಾವು ಹೇಳುತ್ತೇವೆ. ಆದರೆ ಎಂಜಿನ್ ಓಡುವಾಗ ಆಲ್ಟರ್ನೇಟರ್, ನಮ್ಮ ಕಡೆಯ ಮಾತಿನಲ್ಲಿ ಡೈನಮೊ, ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಕೊಡುತ್ತದೆ. ನಮ್ಮದು ನಿಂತಲ್ಲಿ 14.2 ಇತ್ತು. ಆಕ್ಸಿಲರೇಟರ್ ಒತ್ತಿದ ಕೂಡಲೇ 15.3ಕ್ಕೆ ಏರಿತು.

‘ನೋಡ್ರಿ, ಕಟೌಟ್ ಹೋಗೇದ. ಬಲ್ಬ್ ಏನ್ ಮಾಡತದ ಪಾಪ.’

ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರಿಗೆ ಇಲ್ಲಿನ ಮೆಕ್ಯಾನಿಕ್‌ಗಳು ಹೇಳುವುದು ಕಟೌಟ್ ಎಂದೇ. ಒಂದು ವೋಲ್ಟ್ ಹೆಚ್ಚಾದರೆ ಏನು ಮಹಾ ಎನ್ನಿಸಬಹುದು. ಫಿಲಮೆಂಟ್ ಬಲ್ಬಿನ ಲೆಕ್ಕ ಹಾಗಿಲ್ಲ. ವೋಲ್ಟೇಜ್ ಶೇ 5ರಷ್ಟು ಏರಿದರೆ ಅದರ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಮ್ಮದು ಶೇ 7 ದಾಟಿತ್ತು. ಬ್ಯಾಟರಿ ನೀರು ಬೇಗ ಬೇಗ ಇಂಗಿ ಪದೇಪದೇ ಡಿಸ್ಟಿಲ್ಡ್ ವಾಟರ್ ಹಾಕಬೇಕಾಗುತ್ತಿದ್ದುದೂ ಇದರಿಂದಲೇ. ಬಲ್ಬು ಎಚ್ಚರಿಸುತ್ತಿತ್ತು, ಬ್ಯಾಟರಿಯೂ ಎಚ್ಚರಿಸುತ್ತಿತ್ತು. ಬಾಯಿಲ್ಲದವು, ಪಾಪ.

ಹಾಗಾದರೆ ಎರಡೂ ಕಡೆಯ ಬಲ್ಬುಗಳು ಸುಡಬೇಕಿತ್ತಲ್ಲ? ಕಪ್ಪಗಾದ ಮೂರೂ ಬಲಗಡೆಯವು ಎಂದು ಅಣ್ಣನಿಗೆ ಆಗ ನೆನಪಾಯಿತು. ಚಾಚಾ ಎಡಗಡೆ ಹೋಲ್ಡರಿಗೆ ಮೀಟರ್ ಇಟ್ಟರೆ ಅಲ್ಲಿ ಒಂದೂವರೆ ವೋಲ್ಟ್ ಕಡಿಮೆ. ದೀಪದ ಅರ್ಥ್ ವೈರ್ ಬಾಡಿಗೆ ಸೇರುವ ಕಡೆ ತುಕ್ಕು ಹಿಡಿದು, ಹೋಲ್ಡರ್ ಅರ್ಧ ಕರಗಿತ್ತು. ವೋಲ್ಟೇಜ್ ಶೇ 10 ಇಳಿದರೆ ಬೆಳಕು ಸುಮಾರು ಶೇ 30 ಇಳಿಯುತ್ತದೆ. ಎಡಗಡೆ ದೀಪ ಯಾವಾಗಲೂ ಕಾಮಾಲೆ ಹಿಡಿದಂತೆ ಕಾಣುತ್ತಿದ್ದ ಗುಟ್ಟು ಇದು. ಅದೇ ಕಡೆ ಬಲ್ಬು ಹಿಡಿಯುವ ಸ್ಪ್ರಿಂಗ್ ಕ್ಲಿಪ್ ಸಡಿಲವಾಗಿ, ಕಾರು ಗುಂಡಿಗಿಳಿದಾಗಲೆಲ್ಲ ಬಲ್ಬು ಗಡಗಡ ಅನ್ನುತ್ತಿತ್ತು. ತಂತಿ ತುಂಡಾದದ್ದು ಅಲ್ಲಿ. ರಸ್ತೆ ಸರಿಯಿಲ್ಲ ಎಂದವರ ಮಾತು ಅಷ್ಟರಮಟ್ಟಿಗೆ ನಿಜ.

ಹೋಲ್ಡರ್ ಕರಗಿದ್ದು ಹೇಗೆ? ಕಾರಿನ ಹಿಂದಿನ ಮಾಲೀಕರು ಹೆಚ್ಚಿನ ಬೆಳಕಿಗಾಗಿ 100/90 ವಾಟಿನ ಬಲ್ಬು ಹಾಕಿಸಿದ್ದರು. ಇಂಥ ಕಾರಿಗೆ ಕಂಪನಿ ಕೊಡುವ ಎಚ್4 ಬಲ್ಬು 60/55 ವಾಟಿನದು, ಬ್ರೈಟ್‌ಗೆ 60, ಡಿಮ್‌ಗೆ 55. 12 ವೋಲ್ಟ್ ಲೆಕ್ಕದಲ್ಲಿ 60 ವಾಟಿಗೆ 5 ಆಂಪಿಯರ್ ಕರೆಂಟ್ ಹರಿದರೆ 100 ವಾಟಿಗೆ 8ಕ್ಕೂ ಹೆಚ್ಚು ಬೇಕು. ವೈರು, ಸ್ವಿಚ್ಚು, ಪ್ಲಾಸ್ಟಿಕ್ ಹೋಲ್ಡರು ಅದಕ್ಕೆಂದು ಮಾಡಿದವಲ್ಲ. ಬೆಳಕಾಗುವ ಬದಲು ಕರೆಂಟು ವೈರಿನಲ್ಲೇ ಶಾಖವಾಗುತ್ತದೆ.

ಇನ್ನು ಎಲ್‌ಇಡಿ. ಕಾರ್ಖಾನೆಯಲ್ಲೇ ಎಲ್‌ಇಡಿ ದೀಪ ಕೂರಿಸಿ ಬಂದ ಹೊಸ ಕಾರುಗಳ ಮಾತು ಬೇರೆ. ಹ್ಯಾಲೊಜೆನ್‌ಗೆಂದು ಮಾಡಿದ ಹೆಡ್‌ಲೈಟಿನ ಒಳಗೆ ಎಲ್‌ಇಡಿ ತುರುಕಿದರೆ ಸಮಸ್ಯೆ. ಒಳಗಿನ ರಿಫ್ಲೆಕ್ಟರ್ ಕನ್ನಡಿಯ ಪ್ರತಿ ಬಾಗೂ ಸಣ್ಣ ತಂತಿಯೊಂದು ಇಂಥಲ್ಲೇ ಉರಿಯುತ್ತದೆ ಎಂದು ಲೆಕ್ಕ ಹಾಕಿ ಮಾಡಿದ್ದು. ಬೆಳಕಿನ ಮೂಲ ಕೂದಲೆಳೆಯಷ್ಟು ಸರಿದರೂ ರಸ್ತೆಗೆ ಬೀಳಬೇಕಾದ ಬೆಳಕು ಎದುರಿನವನ ಕಣ್ಣಿಗೆ ಬೀಳುತ್ತದೆ. ನಮ್ಮ ಕಾರಿನ ಮುಂದೆ ಹತ್ತಿಪ್ಪತ್ತು ಅಡಿ ಬೆಳ್ಳಗೆ ಕಾಣುವುದರಿಂದ ಬಹಳ ಬೆಳಕು ಬಂತೆಂದು ನಮಗೆ ಖುಷಿ. ದೂರದ ಎಮ್ಮೆ ಅಲ್ಲೇ ಕತ್ತಲಲ್ಲಿ ನಿಂತಿರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ವಾಹನವನ್ನು ಮೂಲ ವಿನ್ಯಾಸಕ್ಕಿಂತ ಬೇರೆಯಾಗುವಂತೆ ಮಾರ್ಪಡಿಸುವ ಹಾಗಿಲ್ಲ. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ 2024ರ ಜುಲೈನಿಂದ ರಾಜ್ಯ ಪೊಲೀಸರು ಪ್ರಕರಣ ದಾಖಲಿಸತೊಡಗಿದ್ದೂ ಸುದ್ದಿಯಾಗಿತ್ತು.

ಆದರೆ ನನ್ನ ಅನುಭವದಲ್ಲಿ ಕಣ್ಣು ಕುಕ್ಕುವವರೆಲ್ಲ ಎಲ್‌ಇಡಿಯವರಲ್ಲ. ಎಚ್4 ಬಲ್ಬಿನಲ್ಲಿ ಎರಡು ತಂತಿ ಇರುತ್ತವೆ. ಹೆಚ್ಚು ಬಳಸುವ ಡಿಮ್‌ನ ತಂತಿ ಮೊದಲು ಸುಟ್ಟರೆ, ‘ಬ್ರೈಟ್ ಐತಲ್ಲ, ಇನ್ನೊಂದು ತಿಂಗಳು ನಡೀತದ’ ಎಂದು ಅದರಲ್ಲೇ ಓಡಿಸುವವರು ನಮ್ಮಲ್ಲಿ ಬಹಳ. ಇನ್ನೂರು ರೂಪಾಯಿ ಉಳಿಸಲು ಎದುರಿನವರನ್ನೆಲ್ಲ ಕುರುಡು ಮಾಡುವ ಉಳಿತಾಯ ಇದು.

ಆವತ್ತು ಚಾಚಾ ಹಾಕಿದ್ದು ಹೊಸ ಕಟೌಟ್, ಬ್ಯಾಟರಿಯಿಂದ ನೇರ ವೈರೆಳೆದು ಎರಡು ರಿಲೇ, ಎರಡು ಸಿರಾಮಿಕ್ ಹೋಲ್ಡರ್, ಹೊಸ ಅರ್ಥ್ ವೈರ್, ಕ್ಲಿಪ್. ಬಲ್ಬು ಅದೇ ಸಾದಾ 60/55, ಜೋಡಿಯಾಗಿ. ‘ಶೇ 100 ಹೆಚ್ಚು ಬೆಳಕು’ ಎಂದು ಡಬ್ಬಿಯ ಮೇಲೆ ಬರೆದ ದುಬಾರಿ ಬಲ್ಬುಗಳ ಬಗ್ಗೆ ಕೇಳಿದೆ. ಅಂಥವು ಅಷ್ಟೇ ವಾಟಿನಲ್ಲಿ ತಂತಿಯನ್ನು ಹೆಚ್ಚು ಕಾಯಿಸಿ ಬೆಳಕು ಕೊಡುತ್ತವೆ, ಹಾಗಾಗಿ ಆಯಸ್ಸು ಕಡಿಮೆ. ನೀಲಿ ಗಾಜಿನವು ನೋಡಲು ಚೆಂದ, ಆದರೆ ಆ ಬಣ್ಣವೇ ಒಂದಿಷ್ಟು ಬೆಳಕನ್ನು ನುಂಗುತ್ತದೆ. ಹಳದಿಯಾಗಿದ್ದ ಹೆಡ್‌ಲೈಟ್ ಕವರನ್ನು ಮರುದಿನ ನಾನೇ ನೀರು ಹಾಕಿ ವಾಟರ್ ಪೇಪರಿನಿಂದ ತಿಕ್ಕಿ, ಪಾಲಿಶ್ ಮಾಡಿದೆ. ಅರ್ಧ ದಿನದ ಕೆಲಸ, ತೋಳು ಬಿದ್ದುಹೋಯಿತು. ಹೊಸ ಬಲ್ಬಿನಷ್ಟೇ ವ್ಯತ್ಯಾಸ ಅದರಿಂದಲೂ ಆಯಿತು.

ಡ್ಯಾಶ್‌ಬೋರ್ಡಿನಲ್ಲಿ 0ಯಿಂದ 3ರವರೆಗೆ ಅಂಕಿ ಇರುವ ಸಣ್ಣ ಚಕ್ರವನ್ನು ಅಣ್ಣ ಅದುವರೆಗೆ ಮುಟ್ಟಿಯೇ ಇರಲಿಲ್ಲ. ಹಿಂದೆ ನಾಲ್ಕು ಜನ, ಡಿಕ್ಕಿಯಲ್ಲಿ ಅಕ್ಕಿ ಚೀಲ ಇದ್ದರೆ ಕಾರಿನ ಮೂತಿ ಮೇಲೆದ್ದು ಬೆಳಕು ಆಕಾಶಕ್ಕೆ ಹೋಗುತ್ತದೆ. ಆಗ ಚಕ್ರ ತಿರುಗಿಸಿ ಬೆಳಕನ್ನು ಕೆಳಗಿಳಿಸಬೇಕು. ಈಗ ಲೋಡ್ ಹಾಕಿದ ಕೂಡಲೇ ಅವನ ಕೈ ಅಲ್ಲಿಗೇ ಹೋಗುತ್ತದೆ.

ಎಂಟು ತಿಂಗಳಾಯಿತು. ಬಲಗಡೆ ಬಲ್ಬು ಇನ್ನೂ ಅದೇ ಇದೆ. ಎಡಗಡೆಯದು ಹೋದ ತಿಂಗಳು ಹೋಯಿತು. ಮಾನ್ವಿ ರಸ್ತೆಯಲ್ಲಿ ಮುಂದಿನ ಟಿಪ್ಪರಿನಿಂದ ಕಲ್ಲು ಸಿಡಿದು ಹೆಡ್‌ಲೈಟೇ ಒಡೆಯಿತು. ಅದಕ್ಕೆ ಚಾಚಾನ ಮೀಟರ್ ಏನು ಮಾಡೀತು?