ಪ್ರಾಣಿಗಳ ಹೆಸರಿನ ಕಂಪ್ಯೂಟರುಗಳು

ಘರಿಯಾಲ್ ಅಂದರೆ ಏನು ಗೊತ್ತೇ? ಉದ್ದ ಮೂತಿಯ ಮೊಸಳೆ. ಮಾಂಬಾ ಅಂದರೆ ಆಫ್ರಿಕದ ವಿಷದ ಹಾವು. ಆದರೆ ನಾನು ಬರೆಯುತ್ತಿರುವುದು ಕಾಡಿನ ವಿಷಯ ಅಲ್ಲ. ಇವೆರಡೂ ಕಂಪ್ಯೂಟರುಗಳಿಗೆ ಇಟ್ಟ ಹೆಸರು!

ನಮ್ಮ ಚಿಕ್ಕಪ್ಪ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ. ಅವರ ಮನೆಯ ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರ್ ಹಗಲೂ ರಾತ್ರಿ ಗುಂಯ್ ಅಂತ ಇರುತ್ತದೆ. ಬೇಸಿಗೆ ರಜಕ್ಕೆ ಹೋದಾಗ, "ಇದನ್ನ ಗುಜರಿಗೆ ಹಾಕಬಾರದಾ ಚಿಕ್ಕಪ್ಪ?" ಅಂತ ಕೇಳಿದೆ. "ಅದು ಪರೀಕ್ಷೆ ಬರೀತಾ ಇದೆ ಕಣೋ, ಸುಮ್ನಿರು" ಅಂದರು. ನನಗೆ ನಗು ಬಂತು. ಆಮೇಲೆ ಕೂರಿಸಿಕೊಂಡು ಹೇಳಿಕೊಟ್ಟರು.

ಪೋಸ್ಟ್‌ಗ್ರೆಸ್‌ಕ್ಯೂಎಲ್ ಅಂತ ಒಂದು ಸಾಫ್ಟ್‌ವೇರ್ ಇದೆ. ಇದು ನಮ್ಮ ಶಾಲೆಯ ದಾಖಲಾತಿ ಪುಸ್ತಕ ಇದ್ದ ಹಾಗೆ. ಆದರೆ ಕೋಟಿ ಸಾಲು ಇದ್ದರೂ ಬೇಕಾದ ಸಾಲನ್ನು ಹುಡುಕಿ ಕೊಡುತ್ತದೆ. 1986ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿಯಲ್ಲಿ ಪೋಸ್ಟ್‌ಗ್ರೆಸ್ ಎಂಬ ಹೆಸರಿನಿಂದ ಇದು ಶುರುವಾಯಿತು. ಈಗಿನ ಹೆಸರು ಬಂದದ್ದು 1996ರಲ್ಲಿ. ಇದು ಮುಕ್ತ ಸಾಫ್ಟ್‌ವೇರ್. ಅಂದರೆ ಇದನ್ನು ಬರೆದಿರುವ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ದುಡ್ಡು ಕೊಡಬೇಕಿಲ್ಲ. ಬೇರೆ ಬೇರೆ ದೇಶದವರು ಸೇರಿ ಇದನ್ನು ತಿದ್ದುತ್ತಾ ಇರುತ್ತಾರೆ.

ಇಲ್ಲೇ ಇರುವುದು ತೊಂದರೆ. ತಿದ್ದಿದವರ ಕಂಪ್ಯೂಟರಿನಲ್ಲಿ ಸರಿಯಾಗಿ ನಡೆದದ್ದು ಬೇರೆ ಜಾತಿಯ ಕಂಪ್ಯೂಟರಿನಲ್ಲಿ ಕೆಟ್ಟುಹೋಗಬಹುದು. 1998 ಎಂಬ ಸಂಖ್ಯೆಯನ್ನು ಎರಡು ಡಬ್ಬಿಗಳಲ್ಲಿ ಇಡಬೇಕು ಅಂದುಕೊಳ್ಳಿ. ಒಬ್ಬ ಮೊದಲ ಡಬ್ಬಿಯಲ್ಲಿ 19, ಎರಡನೆಯದರಲ್ಲಿ 98 ಇಡುತ್ತಾನೆ. ಇನ್ನೊಬ್ಬ ಮೊದಲು 98 ಇಟ್ಟು ಆಮೇಲೆ 19 ಇಡುತ್ತಾನೆ. ಇದು ತಿಳಿಯದೆ ಓದಿದರೆ 9819 ಆಗುತ್ತದೆ! ಕಂಪ್ಯೂಟರುಗಳಲ್ಲೂ ನಿಜವಾಗಿ ಈ ಎರಡು ಜಾತಿ ಇವೆ. ಇನ್ನು ಕೆಲವು ತಪ್ಪುಗಳು ನಿಧಾನದ ಯಂತ್ರದಲ್ಲಿ ಮಾತ್ರ ಸಿಕ್ಕಿಬೀಳುತ್ತವೆ. ವೇಗದ ಯಂತ್ರದಲ್ಲಿ ಎರಡು ಕೆಲಸ ಯಾವಾಗಲೂ ಒಂದೇ ಕ್ರಮದಲ್ಲಿ ಮುಗಿಯುತ್ತಿದ್ದರೆ, ನಿಧಾನದ್ದರಲ್ಲಿ ಹಿಂದುಮುಂದು ಆಗಿಬಿಡುತ್ತದೆ. ಅದಕ್ಕೇ ಚಿಕ್ಕಪ್ಪನ ಹಳೇ ಡಬ್ಬಕ್ಕೂ ಬೆಲೆ.

ಎಲ್ಲಾ ಜಾತಿಯ ಕಂಪ್ಯೂಟರನ್ನು ಒಬ್ಬರೇ ಕೊಂಡುಕೊಳ್ಳಲು ಆಗುತ್ತದೆಯೇ? ಅದಕ್ಕಾಗಿ 2004ರಲ್ಲಿ ಆಂಡ್ರೂ ಡನ್‌ಸ್ಟನ್ ಎಂಬುವರು 'ಬಿಲ್ಡ್ ಫಾರ್ಮ್' ಶುರುಮಾಡಿದರು. ಫಾರ್ಮ್ ಅಂದರೆ ತೋಟ, ದನಕರು ಸಾಕುವ ಜಾಗ. ನಮ್ಮ ಹತ್ತಿರ ಇಂಥ ಕಂಪ್ಯೂಟರ್ ಇದೆ ಎಂದು ಬರೆದು ಕಳಿಸಿದರೆ ಅವರು ಒಪ್ಪಿ, ಅದಕ್ಕೊಂದು ಪ್ರಾಣಿಯ ಹೆಸರು ಮತ್ತು ಒಂದು ಗುಟ್ಟಿನ ಪದ ಕೊಡುತ್ತಾರೆ. ಕಂಪ್ಯೂಟರ್ ಮಾತ್ರ ನಮ್ಮ ಮನೆಯಲ್ಲೇ ಇರುತ್ತದೆ. ಪ್ರೇರಿಡಾಗ್ ಎಂಬ ಹೆಸರಿನ ಯಂತ್ರ ಒಂದಿತ್ತು. ಆಪಲ್ ಕಂಪನಿಯ ಹಳೇ ಪವರ್‌ಪಿಸಿ ಜಾತಿಯದು, 2005ರಲ್ಲಿ ಬಂದ ಮ್ಯಾಕ್ ವ್ಯವಸ್ಥೆಯನ್ನೇ ಇಟ್ಟುಕೊಂಡು ಎಷ್ಟೋ ವರ್ಷ ದುಡಿಯಿತು.

ಪರೀಕ್ಷೆ ಹೀಗೆ ನಡೆಯುತ್ತದೆ. ಕಂಪ್ಯೂಟರ್ ಹೊತ್ತು ಹೊತ್ತಿಗೆ ತಾನೇ ಎದ್ದು, ಯಾರಾದರೂ ಏನಾದರೂ ತಿದ್ದಿದ್ದಾರಾ ಅಂತ ಇಂಟರ್‌ನೆಟ್ಟಿನಲ್ಲಿ ನೋಡುತ್ತದೆ. ತಿದ್ದಿದ್ದರೆ ಹೊಸ ಬರಹವನ್ನು ತಂದು ಸಾಫ್ಟ್‌ವೇರನ್ನು ಮೊದಲಿನಿಂದ ಕಟ್ಟುತ್ತದೆ. ಆಮೇಲೆ ಅದಕ್ಕೆ ಪ್ರಶ್ನೆಗಳನ್ನು ಕೇಳುತ್ತದೆ. ಸರಿ ಉತ್ತರಗಳು ಒಂದು ಫೈಲಿನಲ್ಲಿ ಮೊದಲೇ ಇರುತ್ತವೆ, ಮೇಷ್ಟ್ರ ಹತ್ತಿರ ಇರೋ ಉತ್ತರ ಪತ್ರಿಕೆಯ ಹಾಗೆ. ಎಲ್ಲಾ ಸರಿಹೊಂದಿದರೆ ಹಸಿರು. ಒಂದು ಸಾಲು ವ್ಯತ್ಯಾಸವಾದರೂ ಕೆಂಪು. ಯಾವ ಹಂತದಲ್ಲಿ ಕೆಟ್ಟಿತು ಅಂತಲೂ ಬರೆದು ಕಳಿಸುತ್ತದೆ. ಎಲ್ಲಾ ಪ್ರಾಣಿಗಳ ಫಲಿತಾಂಶ ಒಂದೇ ಪಟ್ಟಿಯಲ್ಲಿ ಎಲ್ಲರಿಗೂ ಕಾಣುತ್ತದೆ.

ಇಷ್ಟು ತಿಳಿದ ಮೇಲೂ ನಾನೊಂದು ತಪ್ಪು ಮಾಡಿದೆ. ಆ ಕಂಪ್ಯೂಟರಿನಲ್ಲಿ ಜಾಗ ಇದೆಯಲ್ಲ ಅಂತ, ಚಿಕ್ಕಪ್ಪ ಆಫೀಸಿಗೆ ಹೋದಾಗ ಪೆನ್‌ಡ್ರೈವಿನಿಂದ ಹದಿನಾರು ಸಿನಿಮಾ ಹಾಕಿದೆ. ಮಾರನೇ ದಿನ ನಮ್ಮ ಪ್ರಾಣಿ ಕೆಂಪಾಗಿತ್ತು! ಚಿಕ್ಕಪ್ಪನಿಗೆ ಬೇರೆ ದೇಶದಿಂದ ಒಂದು ಈಮೇಲ್ ಬಂತು. ಹಿಂದಿನ ದಿನ ಏನೋ ತಿದ್ದಿದ್ದವರು ಅವರು. ನನ್ನ ತಿದ್ದುಪಡಿಯಿಂದ ಕೆಟ್ಟಿತು ಅಂದುಕೊಂಡು ಬಹಳ ಹೊತ್ತು ಹುಡುಕಿದೆ, ನಿಮ್ಮ ಡಿಸ್ಕ್ ತುಂಬಿರಬಹುದೇ ನೋಡಿ ಎಂದು ಬರೆದಿದ್ದರು.

"ಏನೋ ಹಾಕಿದೆ ಇದರೊಳಗೆ?" ಅಂದರು ಚಿಕ್ಕಪ್ಪ. ಹೇಳಿದೆ. ಅವರು ಬೈಯಲಿಲ್ಲ, ಅದೇ ನನಗೆ ಹೆಚ್ಚು ಬೇಜಾರಾಯಿತು. ಗುರುತೇ ಇಲ್ಲದ ಒಬ್ಬರು ನನ್ನ ಸಿನಿಮಾದಿಂದಾಗಿ ತಮ್ಮ ಕೆಲಸದಲ್ಲಿ ಇಲ್ಲದ ತಪ್ಪನ್ನು ಹುಡುಕುತ್ತಾ ಕೂತಿದ್ದರಲ್ಲ! ಕಂಪ್ಯೂಟರ್ ಕೊಟ್ಟು ಸುಮ್ಮನಿದ್ದರೆ ಆಗುವುದಿಲ್ಲವಂತೆ. ಕರೆಂಟು, ಇಂಟರ್‌ನೆಟ್ಟು, ಡಿಸ್ಕಿನ ಜಾಗ ಎಲ್ಲಾ ನೋಡಿಕೊಳ್ಳಬೇಕು. ಬೇರೆಯವರು ಬರೆದದ್ದು ಅದರೊಳಗೆ ದಿನಾ ಓಡುವುದರಿಂದ ಸ್ವಂತ ಕಾಗದಪತ್ರ, ಫೋಟೋ ಅದರಲ್ಲಿ ಇಡಬಾರದು. ನಮ್ಮೂರಿನಲ್ಲಿ ಕರೆಂಟು ಹೋಗುವ ರೀತಿ ನೋಡಿದರೆ ನಮ್ಮ ಶಾಲೆಯ ಕಂಪ್ಯೂಟರನ್ನು ಈಗಲೇ ಸೇರಿಸಲು ಆಗುವುದಿಲ್ಲ ಅನ್ನಿಸುತ್ತದೆ.

ಚಿಕ್ಕಪ್ಪ ಕ್ಷಮೆ ಕೇಳಿ ಉತ್ತರ ಬರೆದರು. ನಾನು ಸಿನಿಮಾಗಳನ್ನೆಲ್ಲಾ ಅಳಿಸಿದೆ. ನಮ್ಮ ಪ್ರಾಣಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಒಂದು ಸಲ ಅದರ ಮಾನ ತೆಗೆದದ್ದು ಸಾಕು. ಹಳೇ ಯಂತ್ರವಾದ್ದರಿಂದ ಪರೀಕ್ಷೆ ಮುಗಿಯಲು ಬಹಳ ಹೊತ್ತು ಹಿಡಿಯಿತು. ಊಟ ಮಾಡದೆ ಮುಂದೆಯೇ ಕೂತಿದ್ದೆ. ಹಸಿರು ಬಂತು.