ಮದುವೆ ಕ್ಯಾಸೆಟ್ಟಿನಲ್ಲಿ ಅಜ್ಜನ ದನಿ ಹುಡುಕುತ್ತ...

“ತಮ್ಮಾ, ನೀ ದಿನಾ ಕಂಪ್ಯೂಟರದಾಗ ಏನೇನೋ ಮಾಡ್ತಿಯಲ್ಲ, ನಿಮ್ಮ ಅಜ್ಜನ ದನಿ ಒಂದ್ಸಲ ಕೇಳಿಸ್ತಿಯೇನ?”

ಕಳೆದ ದೀಪಾವಳಿಗೆ ಚಿಕ್ಕೋಡಿ ತಾಲೂಕಿನ ನಮ್ಮೂರಿಗೆ ಹೋದಾಗ ಆಯಿ ಕೇಳಿದ್ದು ಇಷ್ಟೇ. ಬೆಂಗಳೂರಿನ ಆಫೀಸಿನಲ್ಲಿ ಎಂತೆಂಥ ಕ್ಲೈಂಟ್‌ಗಳ ಬೇಡಿಕೆಗೆ ‘ಆಗುತ್ತೆ’ ಅಂದವನು ನಾನು. ಆಯಿಯ ಎದುರು ಬಾಯಿಗೆ ಉತ್ತರ ಬರಲಿಲ್ಲ.

ಅಜ್ಜ ತೀರಿಕೊಂಡಿದ್ದು 2001ರಲ್ಲಿ. ಆಗ ನಮ್ಮೂರಿನಲ್ಲಿ ಮೊಬೈಲ್ ಇರಲಿಲ್ಲ. ಅಜ್ಜನ ಫೋಟೊ ಗೋಡೆ ಮೇಲಿದೆ, ದನಿ ಎಲ್ಲೂ ಇಲ್ಲ. ನನಗೆ ನೆನಪಿರುವುದು ಅವರ ಪಟಕಾ ಮತ್ತು ತಂಬಾಕಿನ ವಾಸನೆ ಮಾತ್ರ. ಆಯಿಗೆ ಈಗ ಎಂಬತ್ತು ದಾಟಿದೆ, ಕಿವಿ ದಿನೇ ದಿನೇ ಮಂದವಾಗುತ್ತಿದೆ. ಕೇಳಿಸುವುದಿದ್ದರೆ ಈಗಲೇ ಕೇಳಿಸಬೇಕು.

ಒಂದೇ ದಾರಿಯಿತ್ತು. 1998ರ ಕಾಕಾನ ಮದುವೆಯ ವಿಡಿಯೊ ಕ್ಯಾಸೆಟ್.

ಅಟ್ಟದ ಮೇಲಿನ ಡಬ್ಬಿ

ನಮ್ಮದು ಕೃಷ್ಣಾ ದಂಡೆಯ ಊರು. 2019ರ ಆಗಸ್ಟಿನ ಮಹಾಪೂರ ನೆನಪಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಯಡೂರು, ಕಲ್ಲೋಳ, ಮಾಂಜರಿ, ಇಂಗಳಿ ಕಡೆಯವರೆಲ್ಲ ದನಕರು ಹೊಡೆದುಕೊಂಡು ಎತ್ತರದ ಜಾಗ ಹುಡುಕಿದ ವರ್ಷ ಅದು. ನಮ್ಮ ಮನೆಯಲ್ಲೂ ಎದೆಮಟ್ಟ ನೀರು ನಿಂತಿತ್ತು. ಅಪ್ಪ ಅವಸರದಲ್ಲಿ ಅಟ್ಟಕ್ಕೆ ಎಸೆದ ಸಾಮಾನಿನಲ್ಲಿ ಒಂದು ಬಿಸ್ಕಿಟ್ ಡಬ್ಬಿಯೂ ಇತ್ತು. ಅದನ್ನು ಆಮೇಲೆ ಯಾರೂ ಇಳಿಸಿರಲಿಲ್ಲ.

ಡಬ್ಬಿಯಲ್ಲಿ ಸಿಕ್ಕಿದ್ದು: ಎರಡು ದೊಡ್ಡ ವಿಎಚ್‌ಎಸ್ ಕ್ಯಾಸೆಟ್, ಅತ್ತಿಯ ಮನೆ ವಾಸ್ತುಶಾಂತಿಯ ಮೂರು ವಿಸಿಡಿ, ಅಕ್ಕನ ಮದುವೆಯ ಒಂದು ಡಿವಿಡಿ. ಒಂದು ಕ್ಯಾಸೆಟ್ ಮೇಲೆ ಗಂಡು-ಹೆಣ್ಣಿನ ಫೋಟೊ ಅಂಟಿಸಿದ ಚೆಂದದ ಕವರ್. ಇನ್ನೊಂದಕ್ಕೆ ಕವರೇ ಇಲ್ಲ, ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿಟ್ಟಿದ್ದರು. ಚೀಲ ಕೆಸರನ್ನೇನೋ ತಡೆದಿತ್ತು, ಆದರೆ ಒಳಗಿನ ತೇವ ಹೊರಗೆ ಹೋಗಲು ಬಿಟ್ಟಿರಲಿಲ್ಲ. ಕಿಟಕಿಯಿಂದ ನೋಡಿದರೆ ಟೇಪಿನ ಅಂಚಿನ ಮೇಲೆ ಬಿಳಿ ಬೂಷ್ಟು.

ವಿಸಿಆರ್ ಎಲ್ಲಿಂದ ತರೋದು?

ಜಪಾನಿನ ಜೆವಿಸಿ ಕಂಪನಿ ವಿಎಚ್‌ಎಸ್ ಮಾರುಕಟ್ಟೆಗೆ ತಂದಿದ್ದು 1976ರಲ್ಲಿ. ಕೊನೆಯ ತನಕ ವಿಸಿಆರ್ ತಯಾರಿಸುತ್ತಿದ್ದ ಫುನಾಯಿ ಕಂಪನಿ 2016ರಲ್ಲಿ ಕೈ ಬಿಟ್ಟಿತು. ಅಂದರೆ ಈಗ ಜಗತ್ತಿನಲ್ಲಿ ಉಳಿದಿರುವುದೆಲ್ಲ ಹಳೇ ಮಷೀನುಗಳೇ. 2019ರಲ್ಲಿ ಯುನೆಸ್ಕೊ ‘ಮ್ಯಾಗ್ನೆಟಿಕ್ ಟೇಪ್ ಅಲರ್ಟ್’ ಎಂಬ ಯೋಜನೆ ಶುರು ಮಾಡಿ, 2025ರ ಹೊತ್ತಿಗೆ ಟೇಪುಗಳನ್ನು ಓದುವುದೇ ಕಷ್ಟವಾದೀತು ಎಂದು ಎಚ್ಚರಿಸಿತ್ತು. ಟೇಪು ಹಾಳಾಗುವುದು ಒಂದು ಕಾರಣವಾದರೆ, ಓದುವ ಮಷೀನು ಮತ್ತು ಅದನ್ನು ರಿಪೇರಿ ಮಾಡುವ ಕೈಗಳು ಇಲ್ಲವಾಗುವುದು ಇನ್ನೊಂದು.

ನಮ್ಮ ಪುಣ್ಯಕ್ಕೆ ಅಂಥ ಒಂದು ಕೈ ನಿಪ್ಪಾಣಿಯಲ್ಲಿ ಸಿಕ್ಕಿತು. ಟಿವಿ ರಿಪೇರಿ ಅಂಗಡಿಯ ವಯಸ್ಸಾದ ಮೆಕ್ಯಾನಿಕ್. ಮಾಳಿಗೆಯಿಂದ ಒಂದು ವಿಸಿಆರ್ ಇಳಿಸಿ, ಬೆಲ್ಟ್ ಬದಲಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಮೆತ್ತನೆ ಚರ್ಮದ ಚೂರಿನಿಂದ ಹೆಡ್ ಒರೆಸಿಕೊಟ್ಟರು. ಕಿವಿಗೆ ಹಾಕುವ ಹತ್ತಿಕಡ್ಡಿ ಹೆಡ್‌ಗೆ ಬಳಸಬಾರದಂತೆ, ನಾರು ಸಿಕ್ಕಿಹಾಕಿಕೊಂಡು ಹೆಡ್ ಮುರಿಯುತ್ತದಂತೆ.

ನಾನು ಬೂಷ್ಟು ಹಿಡಿದ ಕ್ಯಾಸೆಟ್ಟನ್ನೇ ಮೊದಲು ತುರುಕಲು ಹೋದೆ. ಅವರು ಕೈ ಹಿಡಿದರು. “ಅದನ್ನ ಹಾಕಬ್ಯಾಡ್ರಿ ಸರ. ಹೆಡ್ ಕೆಡತೈತಿ, ಆಮ್ಯಾಗ ಹಾಕಿದ ಒಳ್ಳೆ ಕ್ಯಾಸೆಟ್ಟಿಗೂ ಬೂಷ್ಟ ಹತ್ತತೈತಿ.”

ಬಣ್ಣ ಹೋದ ಮದುವೆ

ಕವರ್ ಇದ್ದ ಕ್ಯಾಸೆಟ್ ಹಾಕಿದೆ. ವಿಸಿಆರ್‌ನ ಹಳದಿ, ಬಿಳಿ, ಕೆಂಪು ವೈರುಗಳನ್ನು ಯುಎಸ್‌ಬಿ ಕ್ಯಾಪ್ಚರ್ ಸಾಧನಕ್ಕೆ, ಅಲ್ಲಿಂದ ಲ್ಯಾಪ್‌ಟಾಪಿಗೆ. ಪರದೆ ಮೇಲೆ ಮದುವೆ ಬಂತು, ಆದರೆ ಕಪ್ಪು ಬಿಳುಪು! ಕಾಕು ಉಟ್ಟ ಹಸಿರು ಸೀರೆ ಬೂದಿ ಬಣ್ಣವಾಗಿತ್ತು. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಸಾಫ್ಟ್‌ವೇರ್ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಕೂತಿದೆ. ನಮ್ಮ ದೇಶದ್ದು ಪಾಲ್ ಪದ್ಧತಿ, 625 ಗೆರೆ, ಸೆಕೆಂಡಿಗೆ 25 ಚಿತ್ರ. ಸೆಟ್ಟಿಂಗ್ ಬದಲಿಸಿದ ಕೂಡಲೇ ಸೀರೆ ಹಸಿರಾಯಿತು.

ಎರಡನೇ ತೊಂದರೆ, ಹೊತ್ತು ಕಳೆದಂತೆ ಶಬ್ದ ಒಂದು ಕಡೆ, ಚಿತ್ರ ಒಂದು ಕಡೆ. ಹಳೇ ಟೇಪು ಒಂದೇ ವೇಗದಲ್ಲಿ ಓಡುವುದಿಲ್ಲ. ನಡುವೆ ಕೆಲವು ಫ್ರೇಮ್ ಬಿಟ್ಟುಹೋದರೆ ಚಿತ್ರ ಮುಂದೋಡುತ್ತದೆ, ಶಬ್ದ ಹಿಂದುಳಿಯುತ್ತದೆ. ಬೇರೆ ಎಲ್ಲ ಪ್ರೋಗ್ರಾಂ ಮುಚ್ಚಿ, ವರ್ಚುವಲ್‌ಡಬ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಶಬ್ದವನ್ನು ಚಿತ್ರಕ್ಕೆ ಹೊಂದಿಸುವ ಆಯ್ಕೆ ಹಾಕಿ ಮತ್ತೆ ಮೊದಲಿನಿಂದ ಓಡಿಸಿದೆ. ಇಲ್ಲಿ ಅಡ್ಡದಾರಿ ಇಲ್ಲ, ಮೂರು ತಾಸಿನ ಕ್ಯಾಸೆಟ್ಟಿಗೆ ಮೂರು ತಾಸೇ ಬೇಕು.

ಜಾಗವೂ ಬೇಕು. ಏನೂ ಕುಗ್ಗಿಸದೆ ಹಿಡಿದರೆ ಒಂದು ತಾಸಿಗೆ ಸುಮಾರು 75 ಜಿಬಿ. ಗುಣಮಟ್ಟ ಕಳೆಯದೆ ಕುಗ್ಗಿಸುವ ಹಫ್‌ವೈಯುವಿಯಂಥ ಕೋಡೆಕ್ ಬಳಸಿದರೆ ಅದರ ಅರ್ಧಕ್ಕಿಂತ ಕಡಿಮೆ. ಎಡಿಟಿಂಗ್ ಮಾಡುವುದಿದ್ದರೆ ಈ ದೊಡ್ಡ ಫೈಲೇ ಇರಲಿ. ಫೋನಿಗೆ ಕಳಿಸುವ ಸಣ್ಣ ಎಂಪಿ4 ಕೊನೆಗೆ ಮಾಡಿಕೊಂಡರಾಯಿತು.

ಅಷ್ಟೆಲ್ಲ ಮಾಡಿ ಅಜ್ಜ ಬರುವ ಜಾಗಕ್ಕೆ ಬಂದೆ. ಹಂದರದ ಕಂಬಕ್ಕೆ ಆತು ನಿಂತ ಅಜ್ಜ, ಕ್ಯಾಮೆರಾ ಕಡೆ ಕೈ ಎತ್ತಿ ಏನೋ ಹೇಳುತ್ತಿದ್ದಾರೆ. ತುಟಿ ಆಡುತ್ತಿದೆ. ಕೇಳಿಸುತ್ತಿರುವುದು ಮಾತ್ರ ಸಿನಿಮಾ ಹಾಡು!

ಆ ಕಾಲದ ಮದುವೆ ವಿಡಿಯೊ ನೋಡಿದವರಿಗೆ ಇದು ಗೊತ್ತು. ಹೃದಯದಾಕಾರದಲ್ಲಿ ತೆರೆಯುವ ಚಿತ್ರ, ತಿರುಗುವ ಗುಲಾಬಿ, ಮೊದಲಿನಿಂದ ಕೊನೆತನಕ ಹಾಡು. ಜನರ ಮಾತೆಲ್ಲ ‘ಗದ್ದಲ’ ಅಂತ ಅಳಿಸಿ ಅದರ ಮೇಲೆ ಹಾಡು ಹಾಕುತ್ತಿದ್ದರು. ಆವತ್ತು ಅದೇ ಚೆಂದ ಅನ್ನಿಸುತ್ತಿತ್ತು, ದುಡ್ಡು ಕೊಟ್ಟು ಮಾಡಿಸಿಕೊಂಡಿದ್ದೂ ನಾವೇ.

ಆಯಿ ಪೂರ್ತಿ ನೋಡಿದರು. “ಚೊಲೋ ಕಾಣಸ್ತಾರ” ಅಂದು ಎದ್ದು ಹೋದರು.

ಬೂಷ್ಟಿನ ಕ್ಯಾಸೆಟ್

ರಾತ್ರಿ ಊಟಕ್ಕೆ ಕೂತಾಗ ಕಾಕಾ ಹೇಳಿದರು. “ಆ ಇನ್ನೊಂದ ಐತೆಲ್ಲ, ಅದು ಮಾಸ್ಟರ್. ಎಡಿಟಿಂಗ್ ಮಾಡೂಕಿಂತ ಮೊದಲಿಂದು. ಶೂಟಿಂಗ್ ಮಾಡಿದಾಂವಾ ನಮ್ಮ ದೋಸ್ತ, ಕೊಟ್ಟಬಿಟ್ಟಾ.”

ಆಗ ಹೆಗಲ ಮೇಲಿನ ದೊಡ್ಡ ಕ್ಯಾಮೆರಾಗಳು ನೇರವಾಗಿ ವಿಎಚ್‌ಎಸ್ ಕ್ಯಾಸೆಟ್ಟಿಗೇ ತುಂಬುತ್ತಿದ್ದವು. ಅಂದರೆ ಹಂದರದ ನಿಜವಾದ ಶಬ್ದ ಆ ಬೂಷ್ಟಿನ ಕೆಳಗೆ ಇರಬಹುದು.

ಮತ್ತೆ ನಿಪ್ಪಾಣಿ. ಮೆಕ್ಯಾನಿಕ್ ಕಾಕಾ ಹೇಳಿಕೊಟ್ಟ ಹಾಗೆ ಕ್ಯಾಸೆಟ್ಟನ್ನು ಮೊದಲು ಸಿಲಿಕಾ ಜೆಲ್ ಪುಡಿಕೆಗಳ ಜೊತೆ ಡಬ್ಬಿಯಲ್ಲಿ ವಾರಗಟ್ಟಲೆ ಒಣಗಿಸಿದೆ. ಬೂಷ್ಟು ಹಸಿಯಿದ್ದಾಗ ಒರೆಸಿದರೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಪುಡಿಯಾಗಿ ಬರುತ್ತದೆ. ಆಮೇಲೆ ಮಾಸ್ಕ್, ಕೈಗವಸು ಹಾಕಿಕೊಂಡು ಮನೆಯ ಹೊರಗೆ ಕೂತು ಹಿಂದಿನ ಐದು ಸ್ಕ್ರೂ ಬಿಚ್ಚಿದೆ. ಎರಡೂ ಸುರುಳಿಗಳನ್ನು ಕೈಯಿಂದ ನಿಧಾನ ತಿರುಗಿಸುತ್ತ, ನಾರು ಬಿಡದ ಒಣ ಬಟ್ಟೆಯ ನಡುವೆ ಟೇಪು ಹಾಯಿಸಿದೆ. ಟೇಪಿಗೆ ಆಲ್ಕೋಹಾಲ್ ಬೇಡ, ಬರಿಗೈಯಿಂದ ಮುಟ್ಟುವುದೂ ಬೇಡ. ಮೂರು ತಾಸಿನ ಕ್ಯಾಸೆಟ್ಟಿನಲ್ಲಿ ಸುಮಾರು 250 ಮೀಟರ್ ಟೇಪು ಇರುತ್ತದೆ. ನನಗೆ ಎರಡು ಭಾನುವಾರ ಹಿಡಿಯಿತು. ಒಂದು ಕಡೆ ಟೇಪು ಸುಕ್ಕಾಗಿ ನನ್ನ ತಪ್ಪಿನಿಂದಲೇ ಹರಿಯಿತು. ಮೆಕ್ಯಾನಿಕ್ ಕಾಕಾ ಹರಿದ ತುದಿ ಕತ್ತರಿಸಿ, ಸ್ಪ್ಲೈಸಿಂಗ್ ಟೇಪ್ ಹಚ್ಚಿ ಜೋಡಿಸಿದರು. ಸೆಲ್ಲೊ ಟೇಪ್ ಹಚ್ಚಿದ್ದರೆ ಅದರ ಅಂಟು ಹೆಡ್ ತಿನ್ನುತ್ತಿತ್ತು. ಕೊನೆಗೆ ಹಳೇ ಸಿನಿಮಾ ಕ್ಯಾಸೆಟ್ಟಿನ ಸ್ವಚ್ಛ ಚಿಪ್ಪಿಗೆ ಸುರುಳಿಗಳನ್ನು ವರ್ಗಾಯಿಸಿದೆವು.

“ಒಂದ ಸಲಾ ಓಡತೈತಿ ಅಂತ ತಿಳೀರಿ. ಮೊದಲ ಓಟಕ್ಕನ ರೆಕಾರ್ಡಿಂಗ್ ಹಚ್ಚರಿ” ಅಂದರು. ಹಾಗೇ ಮಾಡಿದೆ.

ಡಿಸ್ಕ್‌ಗಳ ಕತೆ ಬೇರೆ

ಡಿಸ್ಕ್‌ಗೆ ವಿಸಿಆರ್ ಬೇಡ, ಒಂದು ಯುಎಸ್‌ಬಿ ಡಿವಿಡಿ ಡ್ರೈವ್ ಸಾಕು. ವಿಸಿಡಿ ತೆರೆದರೆ ‘ಎಂಪೆಗ್‌ಎವಿ’ ಎಂಬ ಫೋಲ್ಡರ್ ಇರುತ್ತದೆ, ಅದರೊಳಗಿನ ‘ಡ್ಯಾಟ್’ ಫೈಲೇ ನಿಮ್ಮ ವಿಡಿಯೊ. ವಿಎಲ್‌ಸಿಯಲ್ಲಿ ನೇರ ಓಡುತ್ತದೆ. 352ಕ್ಕೆ 288 ಚುಕ್ಕಿಯ ಸಣ್ಣ ಚಿತ್ರ, ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ. ಡಿವಿಡಿಯಲ್ಲಿ ಒಂದೊಂದು ಜಿಬಿಯ ‘ವಿಒಬಿ’ ಫೈಲುಗಳು ಸಾಲಾಗಿ ಇರುತ್ತವೆ. ಮೊದಲನೆಯದನ್ನಷ್ಟೇ ಕಾಪಿ ಮಾಡಿ ‘ಅರ್ಧ ಮದುವೆ ಇಲ್ಲ’ ಅಂತ ಗಾಬರಿಯಾಗಬೇಡಿ, ಎಲ್ಲವನ್ನೂ ತೆಗೆದುಕೊಳ್ಳಿ.

ಗೀರು ಬಿದ್ದ ಡಿಸ್ಕನ್ನು ಗುಂಡಗೆ ಒರೆಸಬಾರದು, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಸಿಡಿಯಲ್ಲಿ ಮಾಹಿತಿ ಇರುವ ಪದರ ಹೆಸರು ಬರೆಯುವ ಬದಿಯ ಕೆಳಗೇ ಇರುತ್ತದೆ, ಹಾಗಾಗಿ ಆ ಬದಿಯ ಗೀರೇ ಹೆಚ್ಚು ಅಪಾಯ. ಅಕ್ಕನ ಡಿವಿಡಿ ಕಾಪಿಯಾಗದೆ ನಡುವೆ ನಿಂತಾಗ ಡಿಡಿರೆಸ್ಕ್ಯೂ ಎಂಬ ಉಚಿತ ಸಾಫ್ಟ್‌ವೇರ್ ಕೈ ಹಿಡಿಯಿತು. ಅದು ಕೆಟ್ಟ ಜಾಗ ಬಿಟ್ಟು ಮುಂದೆ ಹೋಗಿ, ಆಮೇಲೆ ಬಿಟ್ಟ ಜಾಗಗಳನ್ನು ಮತ್ತೆ ಮತ್ತೆ ಓದಲು ನೋಡುತ್ತದೆ. ರಾತ್ರಿಯಿಡೀ ಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಒಂದೆರಡು ನಿಮಿಷದಷ್ಟು ಬಿಟ್ಟು ಉಳಿದೆಲ್ಲ ಬಂದಿತ್ತು.

ಹಂದರದೊಳಗಿನ ಮಾತು

ಮಾಸ್ಟರ್ ಕ್ಯಾಸೆಟ್ ಓಡಿತು. ಮೊದಲ ಹತ್ತು ನಿಮಿಷ ಬರೀ ಗೆರೆ ಗೆರೆ. ಟ್ರ್ಯಾಕಿಂಗ್ ಗುಂಡಿ ತಿರುಗಿಸುತ್ತ ಕೂತೆ. ಆಮೇಲೆ ಬಾಜಾ, ಮಕ್ಕಳ ಅಳು, ಯಾರೋ ಹುಗ್ಗಿಗೆ ತುಪ್ಪ ತರಲು ಕೂಗುವುದು, ಎಲ್ಲ ಬರತೊಡಗಿತು. ನಾಲ್ಕು ವರ್ಷದ ನಾನು ಖುರ್ಚಿ ಕೆಳಗೆ ಕೂತು ಬುಂದೆ ಲಾಡು ತಿನ್ನುತ್ತಿದ್ದೆ.

ಅದೇ ಕಂಬ, ಅದೇ ಅಜ್ಜ, ಅದೇ ಎತ್ತಿದ ಕೈ. ಈ ಸಲ ಹಾಡಿಲ್ಲ.

“ಏ ತಮ್ಮಾ, ನನ್ನ ಏನ್ ತಗೀತಿಯೋ. ಮುಂಜಾನಿಂದ ನಿಂತಿ, ಮೊದಲ ಊಟಾ ಮಾಡ ಹೋಗ.”

ಇಷ್ಟೇ. ಐದಾರು ಸೆಕೆಂಡ್.

ಹೆಡ್‌ಫೋನ್ ಹಚ್ಚಿ ದನಿ ದೊಡ್ಡದು ಮಾಡಿ ಆಯಿಗೆ ಕೇಳಿಸಿದೆ. ಮೊದಲ ಸಲ ಏನೂ ಅನ್ನಲಿಲ್ಲ. ಎರಡನೇ ಸಲ ಕೇಳಿ, “ಹೌದ, ಹಿಂಗ ಬೈತಿದ್ರು. ಬಂದವರು ಉಣ್ಣಲಿಲ್ಲ ಅಂದ್ರ ಸಿಟ್ಟ ಬರತಿತ್ತ ಅವರಿಗೆ” ಅಂದರು. ಮೂರನೇ ಸಲ ಕೇಳಿದ ಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅಪ್ಪ ಬಾಗಿಲಲ್ಲಿ ನಿಂತಿದ್ದವರು ಅಂಗಳಕ್ಕೆ ಹೋದರು.

ಎಡಿಟಿಂಗ್: ಎಷ್ಟು ಬೇಕೋ ಅಷ್ಟೇ

ಆಮೇಲಿನ ಕೆಲಸ ಸಲೀಸು. ಚಲನೆಯಿದ್ದಲ್ಲಿ ಬಾಚಣಿಕೆಯ ಹಲ್ಲಿನಂಥ ಗೆರೆ ಕಂಡರೆ ಹೆದರಬೇಡಿ, ಅದು ಟಿವಿಗಾಗಿ ಮಾಡಿದ ಇಂಟರ್‌ಲೇಸ್ಡ್ ಚಿತ್ರ. ಹ್ಯಾಂಡ್‌ಬ್ರೇಕ್ ಅಥವಾ ಎಫ್‌ಎಫ್‌ಎಂಪೆಗ್‌ನಲ್ಲಿ ಡಿಇಂಟರ್‌ಲೇಸ್ ಮಾಡಿದರೆ ಹೋಗುತ್ತದೆ. ಕತ್ತರಿಸಿ ಜೋಡಿಸಲು ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು.

ನಾನು ಒಂದು ಅತಿಬುದ್ಧಿ ಮಾಡಿದ್ದೆ. ಎಐ ಆ್ಯಪಿನಲ್ಲಿ ಹಾಕಿ ಚಿತ್ರ ‘ಶಾರ್ಪ್’ ಮಾಡಿದೆ. ಅಜ್ಜನ ಮುಖದ ಸುಕ್ಕು ಹೋಯಿತು, ಹಲ್ಲು ಸಾಲಾಗಿ ಬಂತು. ಅವ್ವ ನೋಡಿ, “ಇವರ್ಯಾರೋ?” ಅಂದಳು. ಇಲ್ಲದ ವಿವರವನ್ನು ಎಐ ಊಹಿಸಿ ತುಂಬುತ್ತದೆ, ಅದು ನಮ್ಮ ಅಜ್ಜನನ್ನು ಯಾವತ್ತೂ ನೋಡಿಲ್ಲ. ಆ ಫೈಲ್ ಅಳಿಸಿದೆ. ಮಸುಕಾದರೂ ನಮ್ಮವರೇ ಇರಲಿ.

ಹಂಚುವಾಗಲೂ ಸ್ವಲ್ಪ ಎಚ್ಚರ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಅಂತ ಕಳಿಸಿದರೆ ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ. ಸಿನಿಮಾ ಹಾಡಿರುವ ಕಾಪಿ ಯೂಟ್ಯೂಬಿಗೆ ಹಾಕಿದರೆ ಕಾಪಿರೈಟ್ ನೋಟಿಸ್ ಬರಬಹುದು. ಅದಕ್ಕಿಂತ ಮುಖ್ಯ, ಆ ಹಂದರದಲ್ಲಿ ಜೊತೆಗೆ ಕೂತವರೆಲ್ಲ ಇವತ್ತೂ ಜೊತೆಗಿರಲಿಕ್ಕಿಲ್ಲ. ಅವರ ಮನೆಯವರನ್ನು ಒಂದು ಮಾತು ಕೇಳಿಯೇ ಹಾಕಿ.

ಕಾಪಿ ಮೂರು ಇರಲಿ, ಎರಡು ಬಗೆಯ ಸಾಧನದಲ್ಲಿರಲಿ, ಒಂದಾದರೂ ಬೇರೆ ಊರಿನಲ್ಲಿರಲಿ. ನಮ್ಮದು ಒಂದು ಹಾರ್ಡ್‌ಡಿಸ್ಕ್ ಊರಲ್ಲಿ, ಒಂದು ಬೆಂಗಳೂರಿನಲ್ಲಿ, ಇನ್ನೊಂದು ಕ್ಲೌಡ್‌ನಲ್ಲಿದೆ. ನಮ್ಮ ಮನೆಗೆ ಕೃಷ್ಣೆ 2005ರಲ್ಲಿ ಬಂದಿದ್ದಳು, 2019ರಲ್ಲಿ ಬಂದಿದ್ದಳು. ಮತ್ತೆ ಬರುವುದಿಲ್ಲ ಅನ್ನುವ ಧೈರ್ಯ ನಮಗಿಲ್ಲ.

ನಮ್ಮ ಭಾಗದ ಅಟ್ಟಗಳಲ್ಲಿ ಮದುವೆ ಮಾತ್ರ ಇಲ್ಲ. ಚಿಂಚಲಿ ಮಾಯಕ್ಕನ ಜಾತ್ರೆ, ರಾತ್ರಿಯಿಡೀ ನಡೆದ ಶ್ರೀಕೃಷ್ಣ ಪಾರಿಜಾತ, ಭಜನಿ, ಕುಸ್ತಿ, ಯಾರದೋ ಮನೆಯ ಮುದುಕಿ ಹಾಡಿದ ಬೀಸುವ ಪದ, ಇವೂ ಯಾವುದೋ ಕ್ಯಾಸೆಟ್ಟಿನಲ್ಲಿ ಇರಬಹುದು. ಈ ಸಲ ಊರಿಗೆ ಹೋದಾಗ ಒಂದು ಡಬ್ಬಿ ಇಳಿಸಿ ನೋಡಿ. ಚೆಂದದ ಕವರ್ ಇರುವುದರ ಜೊತೆಗೆ ಹೆಸರಿಲ್ಲದ ಕ್ಯಾಸೆಟ್ಟನ್ನೂ ಎತ್ತಿಕೊಳ್ಳಿ.

ಮೊನ್ನೆ ಫೋನ್ ಮಾಡಿದಾಗ ಆಯಿ ಕೇಳಿದರು, “ಆ ಶೂಟಿಂಗ್ ಹುಡುಗ ಆಮ್ಯಾಲ ಉಂಡನೋ ಇಲ್ಲೋ?” ಮತ್ತೆ ಓಡಿಸಿ ನೋಡಿದೆ. ಅಜ್ಜನ ಮಾತಾದ ಕೂಡಲೇ ಕ್ಯಾಮೆರಾ ಬಂದ್ ಆಗಿದೆ.

ಉಂಡಿರಬೇಕು.